ಸ್ಯಾಂಪಲ್ ನೋಡಿ ಸ್ಪ್ರಿಂಗ್ ಆರ್ಡರ್ ಕೊಡ್ಬೇಡಿ, ನಾನು ಕೊಟ್ಟು ಕೆಟ್ಟೆ

ಕೋಪ ಇನ್ನೂ ಇಳಿದಿಲ್ಲ, ಬರೆಯೋದು ಹಿಂದೆಮುಂದೆ ಆದ್ರೆ ಬೇಜಾರು ಮಾಡ್ಕೋಬೇಡಿ. ಸಣ್ಣ ವರ್ಕ್‌ಶಾಪ್ ಇಟ್ಕೊಂಡು ಹೊರಗಿಂದ ಸ್ಪ್ರಿಂಗ್ ತರಿಸೋರು ಪೂರ್ತಿ ಓದಿ.

ನಮ್ದು ಶಿವಮೊಗ್ಗ. ಅಡಿಕೆ ತೋಟಕ್ಕೆ ಬೋರ್ಡೋ (ಸುಣ್ಣ ಮೈಲುತುತ್ತದ ಔಷಧಿ) ಹೊಡೆಯೋ ಪವರ್ ಸ್ಪ್ರೇಯರ್ ಜೋಡಿಸಿ ಕೊಡ್ತೀವಿ, ಅದರ ರಿಲೀಫ್ ವಾಲ್ವ್ ನಮ್ಮಲ್ಲೇ ಮಾಡೋದು. ವಾಲ್ವ್ ಅಂದ್ರೆ ಒಳಗಿರೋ ಸ್ಪ್ರಿಂಗೇ ಜೀವ. ಮೇಲಿನ ಸ್ಕ್ರೂ ತಿರುಗಿಸಿ ಸ್ಪ್ರಿಂಗ್ ಎಷ್ಟು ಒತ್ತಿಟ್ಟಿರ್ತೀವೋ ಅಷ್ಟು ಪ್ರೆಶರ್, ಅದಕ್ಕಿಂತ ಜಾಸ್ತಿ ಆದ್ರೆ ವಾಲ್ವ್ ತೆರೆದು ಆ ಪ್ರೆಶರ್ ಹೊರಗೆ ಬಿಟ್ಬಿಡ್ಬೇಕು.

ಈ ಸಲ ಬೆಂಗಳೂರಿನ ಒಬ್ಬ ಸಪ್ಲೈಯರ್ ಹತ್ರ ಕೇಳ್ದೆ, ಒಂದಕ್ಕೆ 14 ರೂಪಾಯಿ ಅಂದ. ಇನ್ನೊಬ್ರು 19 ಹೇಳಿದ್ರು, ಅವರು ಡ್ರಾಯಿಂಗ್ ಕೇಳಿದ್ರು, ಎಷ್ಟು ಮಿಮೀ ಒತ್ತಿದಾಗ ಎಷ್ಟು ಕೆಜಿ ಬೇಕು, ಯಾವ ಗ್ರೇಡ್ ವೈರು, ತುಕ್ಕು ಹಿಡಿಯದಂಗೆ ಮೇಲೆ ಜಿಂಕ್ ಪ್ಲೇಟಿಂಗ್ ಬೇಕಾ ಅಂತೆಲ್ಲ ಕೇಳಿದ್ರು, ನಂಗೆ ಅವಾಗ ತಲೆನೋವು ಅನ್ನಿಸ್ತು. 14ರವನು ಏನೂ ಕೇಳ್ಲಿಲ್ಲ. 'ಒಂದು ಪೀಸ್ ಕೊರಿಯರ್ ಮಾಡಿ ಸಾರ್, ಹಾಗೇ ಮಾಡ್ಕೊಡ್ತೀನಿ' ಅಂದ. ಐದು ಸ್ಯಾಂಪಲ್ ಕಳಿಸ್ದ, ಐದೂ ಬಂಗಾರದಂಗಿದ್ವು. 2000ಕ್ಕೆ ಪಿಓ (ಖರೀದಿ ಆರ್ಡರ್ ಪತ್ರ) ಹಾಕ್ದೆ, ಅದರಲ್ಲಿ ಬರೆದಿದ್ದು ಒಂದೇ ಸಾಲು, 'ಸ್ಯಾಂಪಲ್ ಪ್ರಕಾರ'. ಆ ಒಂದು ಸಾಲಿಗೆ ಈಗ ಅನುಭವಿಸ್ತಿದೀನಿ.

ಮಾಲು ಬಂತು, ಸುತ್ತಿನ ಹೊರಗಿನ ಅಳತೆ 18 ಮಿಮೀ, ಉದ್ದ 33 ಮಿಮೀ, ವರ್ನಿಯರ್ ಹಾಕಿ ನೋಡಿದ್ವಿ ಸರಿ ಇತ್ತು, ಫಿಟ್ ಮಾಡಿ ಕಳಿಸಿದ್ವಿ. ಜೂನಲ್ಲಿ ಫೋನ್ ಶುರುವಾಯ್ತು. ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯರು, 'ಏನ್ರೀ ನಿಮ್ ಪಂಪು, ಔಷಧಿ ಗೊನೆ ಮುಟ್ಟೋ ಮೊದ್ಲೇ ಕೆಳಗೆ ಬೀಳ್ತದೆ, ಮಳೆ ಬಿಟ್ಟಿರೋದೇ ಎರಡು ದಿನ, ಕೊಳೆ ರೋಗ ಬಂದ್ರೆ ನೀವು ಕೊಡ್ತೀರಾ ಅಡಿಕೆ' ಅಂದ್ರು. ನಾನೇ ಸ್ಕ್ರೂ ಇನ್ನೊಂದು ಸುತ್ತು ಬಿಗಿ ಮಾಡಿ ಅಂದ್ಬಿಟ್ಟೆ. ಅವರಿಗೂ ಅಂದೆ, ಉಳಿದೋರಿಗೂ ಅಂದೆ. ಇದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಕೈ ನಡುಗುತ್ತೆ. ಯಾಕಂದ್ರೆ ಸ್ಪ್ರಿಂಗ್ ಮೆತ್ತಗಿದ್ರೆ ಬಿಗಿ ಮಾಡ್ತಾ ಹೋದಂಗೆ ಸುತ್ತಿಗೆ ಸುತ್ತು ಅಂಟಿ ಗಟ್ಟಿ ಕೊಳವೆ ಥರ ಆಗುತ್ತೆ, ಆಮೇಲೆ ವಾಲ್ವ್ ತೆರೆಯೋಕೆ ಜಾಗವೇ ಇರಲ್ಲ. ಕೊಪ್ಪದ ಕಡೆ ಒಂದು ತೋಟದಲ್ಲಿ ಹೋಸ್ ಪೈಪ್ ಹರಿದು ಸುಣ್ಣ ಮೈಲುತುತ್ತದ ನೀರು ಕೆಲಸದವನ ಮುಖಕ್ಕೇ ಹೊಡೀತು. ದೇವರು ದೊಡ್ಡೋನು, ಕಣ್ಣಿಗೆ ಏನೂ ಆಗ್ಲಿಲ್ಲ.

ಆ ಪಂಪು ವಾಪಸ್ ಬಂದಾಗ ಬಿಚ್ಚಿದ್ವಿ. 33 ಇದ್ದ ಸ್ಪ್ರಿಂಗ್ 30 ಚಿಲ್ಲರೆಗೆ ಕುಗ್ಗಿ ಕೂತಿತ್ತು. ನಮ್ಮ ಹುಡುಗ ಡಿಜಿಟಲ್ ತೂಕದ ಯಂತ್ರನ ಡ್ರಿಲ್ಲಿಂಗ್ ಮಷೀನ್ ಕೆಳಗಿಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಸಿ, ಮೇಲಿಂದ ಸರಿಯಾಗಿ 6 ಮಿಮೀ ಒತ್ತಿದ. ಉಳಿದಿದ್ದ ಒಂದು ಸ್ಯಾಂಪಲ್ 24 ಕೆಜಿ ತೋರಿಸ್ತು. ಚೀಲದಿಂದ ತೆಗೆದ ಹೊಸ ಪೀಸು 17. ಇನ್ನೊಂದು 17. ಮತ್ತೊಂದೂ 17. 'ಅಣ್ಣಾ ವೈರ್ ಅಳೀರಿ' ಅಂದ. ಮೈಕ್ರೋಮೀಟರಲ್ಲಿ ಹಿಡಿದ್ರೆ ಸ್ಯಾಂಪಲ್ ವೈರು 3.0, ಲಾಟ್ ವೈರು 2.8.

0.2 ಮಿಮೀ ಅಷ್ಟೇ ಅಲ್ವಾ ಅನ್ಬೇಡಿ. ಸ್ಪ್ರಿಂಗಿನ ಬಿಗಿ ವೈರ್ ದಪ್ಪಕ್ಕೆ ನೇರ ಲೆಕ್ಕ ಅಲ್ಲ, ದಪ್ಪನ ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸೋ ಲೆಕ್ಕ. 3×3×3×3 ಅಂದ್ರೆ 81, 2.8ನ್ನ ಹಾಗೇ ಗುಣಿಸಿದ್ರೆ 61. ಕಾಲು ಭಾಗ ಅಲ್ಲೇ ಹೋಯ್ತು. ಹೊರಗಿನ ಅಳತೆ ಅದೇ ಇಟ್ಟು ವೈರ್ ಸಣ್ಣ ಮಾಡಿದ್ರಿಂದ ಸುತ್ತು ಸ್ವಲ್ಪ ಅಗಲ ಆಗಿ ಇನ್ನೂ ಸ್ವಲ್ಪ ಹೋಯ್ತು.

ಆಮೇಲೆ ಟ್ರಾನ್ಸ್‌ಪೋರ್ಟಿನವರ ರಸೀದಿ ತೆಗೆದು ನೋಡ್ದೆ. 37 ಕೆಜಿ ಅಂತ ಬರೆದಿದೆ. 3 ಮಿಮೀ ವೈರಲ್ಲಿ 2000 ಪೀಸು 42 ಕೆಜಿ ತೂಗಬೇಕು. ಬಂದ ದಿನದಿಂದ ಆ ಚೀಟಿ ನನ್ನ ಮೇಜಿನ ಮೇಲೇ ಮೊಳೆಗೆ ಚುಚ್ಕೊಂಡು ಇತ್ತು, ನನ್ನ ಕಣ್ಣೆದುರೇ ಇತ್ತು. ಅವತ್ತು ಆದಷ್ಟು ಅವಮಾನ ನಂಗೆ ಯಾವತ್ತೂ ಆಗಿಲ್ಲ.

ಆ 14 ರೂಪಾಯಿಯವನಿಗೆ ಫೋನ್ ಮಾಡ್ದೆ. ಮೊದಲ ಉತ್ತರ, 'ಪ್ಲೇಟಿಂಗ್ ಆದ್ಮೇಲೆ ಸ್ವಲ್ಪ ವ್ಯತ್ಯಾಸ ಬರುತ್ತೆ ಸಾರ್'. ಅಲ್ಲಯ್ಯಾ, ಜಿಂಕ್ ಮೇಲೆ ಕೂತ್ರೆ ವೈರ್ ದಪ್ಪ ಆಗುತ್ತೋ ಸಣ್ಣ ಆಗುತ್ತೋ? ಎರಡನೇದು, 'ನಿಮ್ ಪಾರ್ಟಿಯೋರು ಜಾಸ್ತಿ ಟೈಟ್ ಮಾಡಿರ್ತಾರೆ'. ಟೆಸ್ಟ್ ಸರ್ಟಿಫಿಕೇಟ್ ಕೇಳಿದ್ರೆ ವಾಟ್ಸಾಪಲ್ಲಿ ಫೋಟೋ ಕಳಿಸ್ದ, ಅದರಲ್ಲಿ ವೈರು 3.00 ಅಂತಿದೆ! ಯಾವುದೋ ಕಾಯಿಲ್‌ದು (ವೈರ್ ಸುರುಳಿದು) ಕಾಗದ, ಮಾಲು ಬೇರೆ ಕಾಯಿಲ್‌ದು. ಟೆಂಪರಿಂಗ್ (ಸುತ್ತಿದ್ಮೇಲೆ ಕಾಯಿಸಿ ಹದ ಮಾಡೋದು) ಮಾಡಿದೀರಾ ಅಂದ್ರೆ 'ಎಲ್ಲಾ ಮಾಡಿದೀವಿ ಸಾರ್' ಅಷ್ಟೇ. ಎಷ್ಟು ಡಿಗ್ರಿ, ಎಷ್ಟು ಹೊತ್ತು ಅಂದ್ರೆ ಫೋನ್ ಕಟ್.

ಕೊನೇಗೆ ಏನಂದ ಗೊತ್ತಾ, 'ಅದೇ ಸೈಜಲ್ಲಿ ಸ್ಟೇನ್‌ಲೆಸ್ ಸ್ಟೀಲಲ್ಲಿ ಮಾಡ್ಕೊಡ್ತೀನಿ, ಅರ್ಧ ರೇಟು ಕೊಡಿ'. ನಾನು ಒಪ್ಪೋದ್ರಲ್ಲಿದ್ದೆ. ಆ 19 ರೂಪಾಯಿಯವರನ್ನೇ ಕೇಳಿದಾಗ ಗೊತ್ತಾಯ್ತು, ಅದೇ ಅಳತೆಗೆ ಸ್ಟೇನ್‌ಲೆಸ್ ಹಾಕಿದ್ರೆ ಸ್ಪ್ರಿಂಗ್ ನೂರಕ್ಕೆ ಹತ್ತು ಹನ್ನೆರಡರಷ್ಟು ಇನ್ನೂ ಮೆತ್ತಗಾಗುತ್ತಂತೆ. ಎರಡನೇ ಸಲಾನೂ ಟೋಪಿ ಹಾಕ್ತಿದ್ದ.

ಪಿಓದಲ್ಲಿ ವೈರ್ ದಪ್ಪ, ಗ್ರೇಡು, ಎಷ್ಟು ಎತ್ತರಕ್ಕೆ ಒತ್ತಿದ್ರೆ ಎಷ್ಟು ಕೆಜಿ, ಅದರ ಟಾಲರೆನ್ಸು (ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ), ಎಲ್ಲಾ ಬರೀರಿ. ಹೈ ಕಾರ್ಬನ್ ವೈರಿಗೆ ಜಿಂಕ್ ಮಾಡಿಸಿದ್ರೆ, ಮಾಡಿದ ನಾಲ್ಕು ಗಂಟೆ ಒಳಗೆ 200 ಡಿಗ್ರಿ ಆಸುಪಾಸಲ್ಲಿ ಬೇಕಿಂಗ್ (ಒಲೆಯಲ್ಲಿಟ್ಟು ಕಾಯಿಸೋದು) ಶುರು ಆಗ್ಬೇಕು ಅಂತಾನೂ ಬರೀರಿ, ಇಲ್ದಿದ್ರೆ ಕೂತಲ್ಲೇ ತುಂಡಾಗಬಹುದು. ಚೀಲದ ತಳದಿಂದ ಹತ್ತು ಪೀಸ್ ತೆಗೆದು ಒತ್ತಿ ನೋಡಿ. ಪ್ರಶ್ನೆ ಕೇಳೋ ಸಪ್ಲೈಯರ್‌ನ ಬಿಡ್ಬೇಡಿ.

28 ಸಾವಿರ ವಾಪಸ್ ಬಂದಿಲ್ಲ, ಈಗ ಫೋನೂ ಎತ್ತಲ್ಲ. ಈ ಸೀಸನಲ್ಲಿ ನಮ್ಮ ಪಂಪ್ ತಗೊಂಡೋರು ದಯವಿಟ್ಟು ಸ್ಕ್ರೂ ಬಿಗಿ ಮಾಡೋಕೆ ಹೋಗ್ಬೇಡಿ, ನಾನೇ ಹೇಳಿದ್ರೂ ಬೇಡ. ಡೀಲರ್ ಹತ್ರ ಕೊಡಿ, ಸ್ಪ್ರಿಂಗ್ ಬದಲಾಯಿಸೋಕೆ ಒಂದು ರೂಪಾಯೀನೂ ತಗೊಳಲ್ಲ. ಹೊಸ ಲಾಟ್ ಬಂದಿದೆ, ಒಂದೊಂದನ್ನೂ ಒತ್ತಿ ನೋಡೇ ಕಳಿಸ್ತಿದೀವಿ.