ಸೋಸದ ಐಪಿಎ: ನಾಲ್ಕು ಕ್ಯಾನ್, ಎರಡು ಮಾರ್ಕು

ಕಲಬುರಗಿಯಲ್ಲಿ ನೀರಿನ ಫಿಲ್ಟರ್ ರಿಪೇರಿ ಮಾಡಲು ಹಿಡಿದು ಹದಿನೇಳು ವರ್ಷ ಆಯಿತು. ಮನೆ ಮನೆಗೆ ಹೋಗುವುದು, ಗಾಜಿನ ಗ್ಲಾಸಿನಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡುವುದು, ಮಬ್ಬು ಕಂಡರೆ ಕ್ಯಾಂಡಲ್ ಬದಲಿಸುವುದು. ಇಷ್ಟೇ ನನ್ನ ಕೆಲಸ. ಹೀಗಾಗಿ ಮೇ ತಿಂಗಳಲ್ಲಿ ಅಳಿಯ ಬೆಂಗಳೂರಿನಿಂದ ಬಂದು, ಸಂಜೆ ಮಾಳಿಗೆ ಮೇಲೆ ನೀರು ಹೊಡೆದು ಚಾಪೆ ಹಾಸಿಕೊಂಡು ಕುಂತಾಗ ಸುರಿದ ಬಿಯರನ್ನೂ ಹಾಗೇ ಎತ್ತಿ ನೋಡಿದೆ. ಆ ಕಡೆಯ ಟಾವರ್ ದೀಪ ಗ್ಲಾಸಿನಾಚೆ ಕಾಣಲೇ ಇಲ್ಲ.

"ಏ, ರಾಡಿ ಆಗ್ಯದಲ್ಲೋ ಇದು!"

"ರಾಡಿ ಅಲ್ರೀ ಮಾಮಾ. ಸೋಸಿಲ್ಲ. ಅದು ಇರೋದೇ ಹಂಗ."

ಅವನು ತಂದದ್ದು ನಾಲ್ಕು ಕ್ಯಾನ್. ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ ಅನ್ನುವ ಕಹಿ ಜಾತಿಯ ಬಿಯರು. ಮೇಲೆ ಆಲ್ಕೋಹಾಲ್ ಶೇ 6.5 ಅಂತ ಬರೆದಿತ್ತು. ಮೂರು ಕ್ಯಾನ್ ಥರ್ಮಾಕೋಲ್ ಡಬ್ಬಿಯಲ್ಲಿ ಬರ್ಫದ ನಡುವೆ ಬಂದವು. ನಾಲ್ಕನೆಯದು ಎಲ್ಲಿಗೆ ಹೋಯಿತೋ ಆ ರಾತ್ರಿ ಸಿಗಲಿಲ್ಲ, ಅದರ ಮಾತು ಆಮೇಲೆ. ಕಂಪನಿ ಹೆಸರು ಬರೆಯುತ್ತಿಲ್ಲ. ಒಂದೇ ಬ್ಯಾಚಿನ ನಾಲ್ಕು ಕ್ಯಾನ್ ಕುಡಿದು ಒಬ್ಬರ ಇಡೀ ಕೆಲಸಕ್ಕೆ ಮಾರ್ಕು ಹಾಕುವುದು ನ್ಯಾಯ ಅನ್ನಿಸುವುದಿಲ್ಲ. ನಾನು ಹೇಳುತ್ತಿರುವುದು ಈ ನಮೂನಿ ಬಿಯರಿನ ಬಗ್ಗೆ.

ಬಣ್ಣ ಮಾವಿನ ರಸಕ್ಕೆ ಒಂದಿಷ್ಟು ನೀರು ಬೆರೆಸಿದಂತೆ. ನೊರೆ ಬೆಳ್ಳಗೆ, ದಪ್ಪಗೆ. ಕುಡಿದಂತೆ ಕೆಳಗೆ ಇಳಿಯುತ್ತಾ ಗ್ಲಾಸಿನ ಗೋಡೆಗೆ ಬಳೆ ಬಳೆಯಾಗಿ ಅಂಟಿಕೊಂಡಿತು. ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆ ಮುರಿದಾಗ ಚಿಮ್ಮುತ್ತದಲ್ಲ, ಆ ಘಮ. ಅದರ ಹಿಂದೆ ಬಲಿತ ಪೇರಲ. ಹಣ್ಣು ಹಾಕಿದ್ದಾರೆ ಅಂತಲೇ ತಿಳಿದಿದ್ದೆ. ಹಣ್ಣಿಲ್ಲ, ಎಲ್ಲ ಹಾಪ್ಸ್ ಹೂವಿನ ವಾಸನೆ. ಬಿಯರಿಗೆ ಕಹಿ, ಘಮ ಎರಡೂ ಕೊಡುವುದು ಆ ಬಳ್ಳಿಯ ಹೂವೇ.

ರುಚಿ ಹೇಳಬೇಕೆಂದರೆ ನನಗೆ ಯುಗಾದಿ ಬೇವು ಒಂದೇ ದಾರಿ. ನಮ್ಮ ಕಡೆ ಬೇವು ಅಂದರೆ ಎಲೆ-ಬೆಲ್ಲದ ಉಂಡೆ ಅಲ್ಲ, ಕುಡಿಯುವ ಬೇವು. ಹೊಸ ಗಡಿಗೆಯಲ್ಲಿ ಹುಣಸೆ ನೀರು, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಕಡೆಗೆ ಬೇವಿನ ಹೂ. ಮೊದಲ ಗುಟುಕಿಗೆ ಸಿಹಿ, ನಡುವೆ ಹುಳಿ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಆ ಹೂವಿನ ಕಹಿ ಸಣ್ಣಗೆ ಏಳುತ್ತದೆ. ಹಾಗಲಕಾಯಿಯ ಕಹಿ ಬೇರೆ, ಅದು ಬಾಯಿ ತುಂಬಾ ಬಡಿಯುತ್ತದೆ. ಹೂವಿನ ಕಹಿಗೆ ಘಮ ಇರುತ್ತದೆ. ಈ ಬಿಯರಿನದು ಹೂವಿನ ಕಹಿ. ಮಬ್ಬೂ ಬೇವಿನ ಮಬ್ಬೇ: ಅಲ್ಲಿ ಪುಟಾಣಿ ಹಿಟ್ಟು, ಇಲ್ಲಿ ಓಟ್ಸ್ ಮತ್ತು ಗೋಧಿ. ನಾಲಿಗೆ ಮೇಲೆ ಗಂಜಿಯಂತೆ ಮೆತ್ತಗೆ ಕೂಡುತ್ತದೆ.

ನನ್ನ ಕಸುಬಿನ ಮಾತು ಇಲ್ಲಿ ಬರುತ್ತದೆ. ಬಿಯರನ್ನು ಹುದುಗಿಸುವ ಯೀಸ್ಟಿನ ಕಣ 5ರಿಂದ 10 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ನಾನು ದಿನಾ ಹಾಕುವ 5 ಮೈಕ್ರಾನ್ ಸ್ಪನ್ ಕ್ಯಾಂಡಲೇ ಅದರಲ್ಲಿ ಬಹಳಷ್ಟನ್ನು ಹಿಡಿದೀತು. ಮತ್ತೆ ಸುಮ್ಮನೆ ಇಟ್ಟರೂ ಯೀಸ್ಟ್ ತಳಕ್ಕೆ ಕೂಡುತ್ತದೆ. ಆದರೆ ಈ ಮಬ್ಬು ಕೂಡುವುದಿಲ್ಲ. ಧಾನ್ಯದ ಪ್ರೋಟೀನು, ಹಾಪ್ಸಿನ ಒಗರು ಎರಡೂ ಕೈಹಿಡಿದು ತೇಲುವ ಮಬ್ಬು ಅದು, ಯೀಸ್ಟಿಗಿಂತ ಎಷ್ಟೋ ಸಣ್ಣದು. ಅದನ್ನೂ ಹಿಡಿಯುವಷ್ಟು ಬಿಗಿಯಾಗಿ ಸೋಸಿದರೆ ಹಾಪ್ಸಿನ ಎಣ್ಣೆಯ ಒಂದು ಪಾಲು ಫಿಲ್ಟರಿನಲ್ಲೇ ಉಳಿಯುತ್ತದೆ, ಘಮ ಹೋಗುತ್ತದೆ. ಹಾಪ್ಸನ್ನು ಕುದಿಸಿದರೆ ಕಹಿ ಬರುತ್ತದೆ. ಘಮ ಬೇಕಾದರೆ ಹುದುಗಿದ ಮೇಲೆ ತಣ್ಣಗಿರುವಾಗ ಹಾಕಬೇಕು. ಅಷ್ಟು ಜತನದಿಂದ ಹಾಕಿದ್ದನ್ನು ಮತ್ತೆ ಸೋಸಿ ಚೆಲ್ಲುವುದು ಯಾಕೆ? ಜೀವಮಾನ ಎಲ್ಲ ಸೋಸುತ್ತಾ ಬಂದವನಿಗೆ ಈ ಮಾತು ಮನಸ್ಸಿನಲ್ಲಿ ನಿಂತುಬಿಟ್ಟಿತು.

ಹೆಸರಿನಲ್ಲಿ ಇಂಡಿಯಾ ಯಾಕಿದೆ ಅಂತ ಅಳಿಯನನ್ನು ಕೇಳಿದೆ. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಪೂರ್ವಕ್ಕೆ ಬೋ ಅನ್ನುವಲ್ಲಿ ಜಾರ್ಜ್ ಹಾಜ್‌ಸನ್ ಅಂತ ಒಬ್ಬ ಬಿಯರ್ ಕಾಯಿಸುತ್ತಿದ್ದ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಕಟ್ಟೆ ಅವನ ಹತ್ತಿರವೇ ಇತ್ತು. ಪೀಪಾಯಿಗಳು ನಾಲ್ಕರಿಂದ ಆರು ತಿಂಗಳು ಸಮುದ್ರದ ಮೇಲೆ ಕುಲುಕುತ್ತಾ, ಭೂಮಧ್ಯರೇಖೆ ಎರಡು ಸಲ ದಾಟಿ ಇಂಡಿಯಾಕ್ಕೆ ಬರುತ್ತಿದ್ದವು. ಹಾಪ್ಸ್ ಜಾಸ್ತಿ ಹಾಕಿದ್ದರಿಂದ ಹುಳಿ ಮಾಡುವ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. 1820ರ ದಶಕದಲ್ಲಿ ಬರ್ಟನ್ ಅನ್ನುವ ಊರಿನವರು ಈ ವ್ಯಾಪಾರಕ್ಕೆ ಇಳಿದು ಹಾಜ್‌ಸನ್ ಮನೆತನವನ್ನು ಹಿಂದೆ ಹಾಕಿದರು. ಅವರ ಕೈಗೆ ಬಲ ಕೊಟ್ಟದ್ದು ಬಾವಿ ನೀರು: ಜಿಪ್ಸಮ್ ತುಂಬಿದ ಗಡಸು ನೀರು.

ಗಡಸು ನೀರು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಬೋರ್ ನೀರೂ ಗಡಸೇ, ಆದರೆ ಅದು ಶಹಾಬಾದ ಕಲ್ಲಿನ ಸುಣ್ಣದ ಗಡಸು. ಕಾಯಿಸಿದರೆ ಗೀಜರ್ ಕಾಯಿಲ್ ಮೇಲೆ ಬೆಳ್ಳಗೆ ಪದರು ಕಟ್ಟುತ್ತದೆ, ಬೆರಳುಗುರಿನಿಂದ ಕೆರೆದರೆ ಹಪ್ಪಳದಂತೆ ಏಳುತ್ತದೆ. ಜಿಪ್ಸಮ್ಮಿನ ಗಡಸು ಕುದಿಸಿದರೂ ಹೋಗುವುದಿಲ್ಲ, ಅದರ ಸಲ್ಫೇಟು ಕಹಿಯನ್ನು ಚೂಪು ಮಾಡುತ್ತದೆ. ಈ ಮಬ್ಬು ಐಪಿಎಗೆ ಮಾತ್ರ ಉಲ್ಟಾ ಲೆಕ್ಕ: ಸಲ್ಫೇಟು ಕಡಿಮೆ ಮಾಡಿ ಕ್ಲೋರೈಡು ಹೆಚ್ಚಿಸುತ್ತಾರೆ, ಆಗ ಬಾಯಿಗೆ ದುಂಡಗೆ ಬರುತ್ತದೆ. ಈ ಮಬ್ಬು ರೀತಿ ಬೆಳೆದದ್ದು ಅಮೆರಿಕದ ವರ್ಮಾಂಟ್ ಕಡೆ, ಈಚಿನ ಇಪ್ಪತ್ತು ವರ್ಷದಲ್ಲಿ.

ಜೊತೆಗೆ ಏನು ತಿನ್ನಬೇಕು? ಮಿರ್ಚಿ ಭಜಿ ಬೇಡವೇ ಬೇಡ. ಕಹಿಯೂ ಖಾರವೂ ಒಂದಕ್ಕೊಂದು ಏರಿ ಬಾಯಿ ಉರಿದುಹೋಯಿತು, ಮೊದಲ ಕ್ಯಾನಿನ ಅರ್ಧ ಹಾಗೇ ಹಾಳಾಯಿತು. ಹುರಿದ ಶೇಂಗಾ ಛಲೋ. ಎಲ್ಲಕ್ಕಿಂತ ಹೊಂದಿದ್ದು ಮಟನ್ ಹಾಕಿ ಬೇಯಿಸಿದ ಅನ್ನ, ಮಟನ್ ತಹರಿ; ಅದರ ಜಿಡ್ಡನ್ನು ಪ್ರತಿ ಗುಟುಕೂ ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡಿತು.

ತಣ್ಣಗೆ ಬಂದ ಆ ಮೂರಕ್ಕೆ ನನ್ನ ಮಾರ್ಕು 10ಕ್ಕೆ 8. ಒಂದು ಕಳೆದದ್ದು ಕೊನೆಯ ಗುಟುಕುಗಳಿಗೆ. ಗ್ಲಾಸು ಬೆಚ್ಚಗಾದಂತೆ ಗಂಟಲಲ್ಲಿ ಹಸಿ ಸೊಪ್ಪಿನ ಗೀರು ಹತ್ತಿತು. ಇನ್ನೊಂದು, ಅರ್ಧ ಲೀಟರ್ ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬುತ್ತದೆ, ಅದಕ್ಕೆ.

ನಾಲ್ಕನೆಯ ಕ್ಯಾನ್ ಐದು ದಿನದ ಮೇಲೆ ಕಾರಿನ ಸೀಟಿನ ಕೆಳಗೆ ಸಿಕ್ಕಿತು. ಹೊರಗೆ 43 ಡಿಗ್ರಿ, ಮುಚ್ಚಿದ ಕಾರಿನೊಳಗೆ ಇನ್ನೂ ಎಷ್ಟೋ. ಒಂದು ಹಗಲು ಫ್ರಿಜ್ಜಿನಲ್ಲಿಟ್ಟು ತೆಗೆದೆ. ಬಣ್ಣ ಕಂದಿತ್ತು. ಕಿತ್ತಳೆ ಇಲ್ಲ, ಪೇರಲ ಇಲ್ಲ. ಒದ್ದೆಯಾದ ರಟ್ಟಿನ ಡಬ್ಬಿಯ ವಾಸನೆ, ಕೆಳಗೆ ಬರೀ ಒರಟು ಕಹಿ. 10ಕ್ಕೆ 2, ಅದೂ ನೊರೆಗೆ. ಮಾಡಿದವರ ತಪ್ಪು ಏನೂ ಇಲ್ಲ, ನಮ್ಮಿಂದಲೇ ಕೆಟ್ಟದ್ದು. ಹಾಪ್ಸಿನ ಕಹಿ ಬಿಸಿಲನ್ನು ಹೇಗೋ ತಡೆಯುತ್ತದೆ, ಘಮ ತಡೆಯುವುದಿಲ್ಲ. ಹಾಜ್‌ಸನ್ನನ ಪೀಪಾಯಿ ಆರು ತಿಂಗಳು ಬದುಕಿದ್ದು ಕಹಿಯ ಬಲದಿಂದ. ಈ ಮಬ್ಬು ಬಿಯರಿನ ಜೀವ ಎಲ್ಲ ಘಮದಲ್ಲಿದೆ. ಅರ್ಧ ಗ್ಲಾಸು ಕುಡಿದು ಉಳಿದದ್ದನ್ನು ಮೋರಿಗೆ ಸುರಿದೆ, ಬಹಳ ಕೆಟ್ಟನಿಸಿತು.

ದೀಪಾವಳಿಗೆ ಬರುತ್ತೇನೆ ಅಂತ ಅಳಿಯ ಮೊನ್ನೆ ಫೋನ್ ಮಾಡಿದ್ದ. ಕ್ಯಾನಿನ ತಳದಲ್ಲಿ ತಯಾರಿಸಿದ ತಾರೀಖು ಓದಿ ಒಂದು ತಿಂಗಳೊಳಗಿನದು ತಾ, ಬರ್ಫದ ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತು ಅಂತ ಹೇಳಿದೆ.

"ಎಷ್ಟು ತರ್ಲಿ ಮಾಮಾ?"

"ಮೂರೇ ತಾ. ತಹರಿ ನಾ ಮಾಡಸ್ತೀನಿ."