ಕೆಂಜಾರು ಗುಡ್ಡದ ರನ್‌ವೇ: ಮಂಗಳೂರು ವಿಮಾನ ನಿಲ್ದಾಣದ ಬಗ್ಗೆ ಒಬ್ಬ ಪ್ರಯಾಣಿಕನ ವಿಮರ್ಶೆ

ವಿಮಾನ ನಿಲ್ದಾಣಗಳಿಗೆ ಅಂಕ ಕೊಡುವವರು ಸಾಮಾನ್ಯವಾಗಿ ಭದ್ರತಾ ತಪಾಸಣೆಯ ಸಾಲು, ಶೌಚಾಲಯ ಮತ್ತು ಚಹಾದ ಬೆಲೆಯನ್ನು ನೋಡುತ್ತಾರೆ. ಆ ಲೆಕ್ಕದಲ್ಲಿ ಮಂಗಳೂರು ನಿಲ್ದಾಣದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಟರ್ಮಿನಲ್ ಚಿಕ್ಕದು, ಅಚ್ಚುಕಟ್ಟಾಗಿದೆ, ಬ್ಯಾಗು ಬೇಗ ಕೈಗೆ ಬರುತ್ತದೆ. ವರ್ಷಕ್ಕೆ ಐದಾರು ಬಾರಿ ಇಲ್ಲಿ ಇಳಿಯುವ ನಾನು ಅಳೆಯಬೇಕೆಂದಿರುವುದು ಟಿಕೆಟ್ಟಿನ ಹಣದಲ್ಲಿ ನಮಗೆ ಸಿಗುವ, ಆದರೆ ಕಣ್ಣಿಗೆ ಬೀಳದ ಇನ್ನೊಂದು ಸೇವೆಯನ್ನು, ಅಂದರೆ ರನ್‌ವೇಯನ್ನು ಮತ್ತು ಅದನ್ನು ಕಾಯುವ ಎಟಿಸಿಯನ್ನು (ವಿಮಾನ ಸಂಚಾರ ನಿಯಂತ್ರಣ).

ಈ ನಿಲ್ದಾಣವಿರುವ ಬಜ್ಪೆಯಲ್ಲಿ 1951ರಲ್ಲಿ ಆರಂಭವಾದ ಹಳೆಯ ರನ್‌ವೇ ಸುಮಾರು 1,600 ಮೀಟರ್ ಉದ್ದದ್ದು. 1981ರ ಆಗಸ್ಟ್‌ನಲ್ಲಿ ಒಂದು ಆವ್ರೋ ವಿಮಾನ ಅದರ ತುದಿ ದಾಟಿ ಹೋಗಿತ್ತು. ಒಳಗಿದ್ದ 26 ಮಂದಿಯೂ ಬದುಕಿಕೊಂಡರು. ಈಗ ಬಳಕೆಯಲ್ಲಿರುವ 2,450 ಮೀಟರಿನ ರನ್‌ವೇ ಆರಂಭವಾದದ್ದು 2006ರಲ್ಲಿ. ಬೋಯಿಂಗ್ 737ಕ್ಕೆ ಈ ಉದ್ದ ಕಡಿಮೆಯೇನಲ್ಲ. ತೊಡಕಿರುವುದು ಉದ್ದ ಮುಗಿದ ಮೇಲೆ: ಕೆಂಜಾರು ಗುಡ್ಡದ ನೆತ್ತಿಯನ್ನು ಸವರಿ ಮಾಡಿದ ಟೇಬಲ್‌ಟಾಪ್ ಆದ್ದರಿಂದ ತುದಿಯಾಚೆ ಗದ್ದೆಯೋ ಬಯಲೋ ಸಿಗುವುದಿಲ್ಲ, ನೇರವಾಗಿ ಕಣಿವೆ ಸಿಗುತ್ತದೆ. ಇಲ್ಲಿ ವಿಮಾನ ಏರಿಸುವ ಮತ್ತು ಇಳಿಸುವ ಕೆಲಸವನ್ನು ಕ್ಯಾಪ್ಟನ್ನರೇ ಮಾಡಬೇಕು, ಸಹ ಪೈಲಟ್‌ಗೆ ಬಿಡಬಾರದು ಎಂಬ ನಿಯಮ ಬಂದದ್ದು ಇದೇ ಕಾರಣಕ್ಕೆ.

ಕಳೆದ ಆಷಾಢದ ಒಂದು ಸಂಜೆ ಬೆಂಗಳೂರಿನಿಂದ ಬರುತ್ತಿದ್ದಾಗ ಈ ಸೇವೆಯ ಗುಣಮಟ್ಟ ನನಗೆ ಹತ್ತಿರದಿಂದ ತಿಳಿಯಿತು. ಚಕ್ರಗಳು ಹೊರಬಂದ ಸದ್ದು ಕೇಳಿಸಿತ್ತು. ಕಿಟಕಿಯ ಮೇಲೆ ಮಳೆನೀರು ಅಡ್ಡಡ್ಡವಾಗಿ ಓಡುತ್ತಿತ್ತು. ರೆಕ್ಕೆಯ ತುದಿಯ ದೀಪದ ಸುತ್ತ ಬಿಳಿ ಹತ್ತಿಯಂಥ ಬೆಳಕು ಬಿಟ್ಟರೆ ಹೊರಗೆ ಏನೂ ಇರಲಿಲ್ಲ. ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಎಂಜಿನ್ ಮೊರೆಯಿತು, ಬೆನ್ನು ಸೀಟಿಗೆ ಒತ್ತಿತು, ವಿಮಾನ ಮತ್ತೆ ಮೇಲೇರಿತು. ಮಡಿಲಲ್ಲಿ ಮಲ್ಲಿಗೆಯ ಅಟ್ಟಿಯನ್ನು ಇಟ್ಟುಕೊಂಡು ಕುಳಿತಿದ್ದ ಪಕ್ಕದ ಸೀಟಿನ ಹಿರಿಯರು, “ಎಂತ ಆಯ್ತು ಮಾರಾಯ್ರೇ?” ಎಂದು ಕೇಳಿದರು. “ರನ್‌ವೇ ಕಾಣಲಿಲ್ಲ ಅಂತ ಕಾಣ್ತದೆ ಅಮ್ಮ” ಎಂದೆ. ಇಪ್ಪತ್ತು ನಿಮಿಷ ಸುತ್ತು ಹಾಕಿ, ಎರಡನೆಯ ಪ್ರಯತ್ನದಲ್ಲಿ ಇಳಿದೆವು. ಕೆಲವರು ಗೊಣಗಿದರು. ನಾನು ಮಾತ್ರ ಅಂದೇ ಮನಸ್ಸಿನಲ್ಲಿ ಪೂರ್ಣ ಅಂಕ ಕೊಟ್ಟಿದ್ದೆ.

ಇಂಥ ಸಂದರ್ಭದಲ್ಲಿ ‘ಎಟಿಸಿಯವರು ಬಿಡಲಿಲ್ಲ’ ಎಂದು ಹೇಳುವುದು ನಮ್ಮ ರೂಢಿ. ಅದು ಅಷ್ಟು ಸರಿಯಲ್ಲ. ಗೋಪುರದಲ್ಲಿ ಕುಳಿತವರು ಗಾಳಿಯ ದಿಕ್ಕು ಮತ್ತು ವೇಗ, ಗೋಚರತೆ, ರನ್‌ವೇ ಒದ್ದೆಯಾಗಿದೆಯೇ ಎಂಬ ವಿವರಗಳನ್ನು ಕೊಟ್ಟು, ರನ್‌ವೇ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು ಇಳಿಯಲು ಅನುಮತಿ ನೀಡುತ್ತಾರೆ. ಇಳಿಯಬೇಕೋ ಬೇಡವೋ ಎಂಬ ಕೊನೆಯ ನಿರ್ಧಾರ ಪೈಲಟ್‌ನದು. ಮೊದಲ ದರ್ಜೆಯ ಐಎಲ್‌ಎಸ್ (ರೇಡಿಯೊ ಸಂಕೇತಗಳಿಂದ ವಿಮಾನಕ್ಕೆ ಇಳಿಯುವ ದಾರಿ ತೋರುವ ವ್ಯವಸ್ಥೆ) ಇರುವಲ್ಲಿ ಸಾಮಾನ್ಯ ಮಿತಿ 200 ಅಡಿ ಎತ್ತರ ಮತ್ತು 550 ಮೀಟರ್ ರನ್‌ವೇ ಗೋಚರತೆ. ಗುಡ್ಡಗಾಡಿನಲ್ಲಿ ಅದು ಇನ್ನೂ ಹೆಚ್ಚಿರಬಹುದು. ನಿಗದಿತ ಎತ್ತರಕ್ಕೆ ಬಂದಾಗ ದೀಪಗಳು ಕಾಣದಿದ್ದರೆ ಮೇಲೇರಲೇಬೇಕು.

ಹಾಗೆಂದು ಅಪಾಯವನ್ನೆಲ್ಲ ಮಳೆಯ ತಲೆಗೆ ಕಟ್ಟುವಂತಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಉರುಳಿ 158 ಮಂದಿ ಸತ್ತಾಗ ಗೋಚರತೆ 6 ಕಿಲೋಮೀಟರ್ ಇತ್ತು. ಅಂದು ಮುಚ್ಚಿದ್ದದ್ದು ಬೇರೆ ಕಣ್ಣು. ಮಂಗಳೂರಿನ ರೇಡಾರ್ ಮೇ 20ರಿಂದಲೇ ಕೆಟ್ಟಿದ್ದುದರಿಂದ ವಿಮಾನವನ್ನು ವಾಡಿಕೆಗಿಂತ ತಡವಾಗಿ ಕೆಳಗಿಳಿಸಲಾಯಿತು. ರನ್‌ವೇ ಹತ್ತಿರವಾದಾಗ ಅದು ಇರಬೇಕಾದ್ದಕ್ಕಿಂತ ಸುಮಾರು ಇಮ್ಮಡಿ ಎತ್ತರದಲ್ಲಿತ್ತು. ಆದರೂ ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖೆ ನೇರ ಕಾರಣವೆಂದು ಗುರುತಿಸಿದ್ದು ಕ್ಯಾಪ್ಟನ್ನರ ನಿರ್ಧಾರವನ್ನು. ಸಹ ಪೈಲಟ್ ಮೂರು ಬಾರಿ ‘ಗೋ ಅರೌಂಡ್’ (ಇಳಿಸದೆ ಮತ್ತೆ ಮೇಲೇರಿಸಿ) ಎಂದಿದ್ದರೂ ಅವರು ಇಳಿಸಿದರು. 8,033 ಅಡಿಯ (ಅದೇ 2,450 ಮೀಟರಿನ) ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ಆಗಲೂ ಪೂರ್ತಿ ಬ್ರೇಕ್ ಹಾಕಿದ್ದರೆ 7,600 ಅಡಿಯೊಳಗೆ ನಿಲ್ಲುತ್ತಿತ್ತೆಂಬ ಲೆಕ್ಕ ಆ ವರದಿಯಲ್ಲಿದೆ. ಬದಲಿಗೆ ಮತ್ತೆ ಹಾರಿಸಲು ನೋಡಿದ್ದರಿಂದ ಬಲ ರೆಕ್ಕೆ ಐಎಲ್‌ಎಸ್ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ರನ್‌ವೇ ದಾಟಿ ಹೋದ ವಿಮಾನಕ್ಕೆಂದು ತುದಿಯಲ್ಲಿ ಬಿಟ್ಟಿದ್ದ 90 ಮೀಟರ್ ಸುರಕ್ಷತಾ ಪ್ರದೇಶ ಅಂತರರಾಷ್ಟ್ರೀಯ ನಿಯಮದ ಕನಿಷ್ಠ ಅಳತೆಗೆ ಸರಿಯಾಗಿತ್ತು. ಅದೇ ನಿಯಮ ಶಿಫಾರಸು ಮಾಡುವುದು 240 ಮೀಟರ್.

ಅಂದಿನಿಂದ ಕೆಲಸವೇನೂ ನಡೆದಿಲ್ಲವೆಂದಲ್ಲ. 2023ರಲ್ಲಿ ಹಗಲು ಹೊತ್ತು ಸಂಚಾರ ನಿಲ್ಲಿಸಿ ರನ್‌ವೇಗೆ ಹೊಸ ಡಾಂಬರು ಹಾಕಿದರು, ನಡುಗೆರೆಯ ಉದ್ದಕ್ಕೂ ದೀಪಗಳನ್ನು ಕೂರಿಸಿದರು. ಮಳೆಯ ರಾತ್ರಿ ಇಳಿಯುವವರಿಗೆ ಆ ದೀಪಗಳು ದೊಡ್ಡ ಆಸರೆ. ಉದ್ದವೊಂದಿದ್ದರೆ ಸಾಲದು ಎಂಬುದಕ್ಕೆ ನೆರೆಯ ಶಿವಮೊಗ್ಗವನ್ನು ನೋಡಬಹುದು: ಅದೇ ವರ್ಷ ಉದ್ಘಾಟನೆಯಾದ ಸೋಗಾನೆಯ ರನ್‌ವೇ 3.2 ಕಿಲೋಮೀಟರ್ ಇದ್ದರೂ ಆರಂಭದಲ್ಲಿ ರಾತ್ರಿ ಇಳಿಯುವ ವ್ಯವಸ್ಥೆ ಇರಲಿಲ್ಲ.

ನನ್ನ ಅಂಕ ಐದಕ್ಕೆ ನಾಲ್ಕು. ಹಿಡಿದಿಟ್ಟುಕೊಂಡ ಒಂದು ಅಂಕ ಸಿಬ್ಬಂದಿಯ ಮೇಲಿನ ದೂರಲ್ಲ, ಗುಡ್ಡದ ಮೇಲಿನದು. ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಅಲ್ಲಿ ವಿದೇಶದ ವಿಮಾನ ಹಿಡಿಯುವವರು ನಡುವೆ ಐದಾರು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ, ಅಥವಾ ಹಿಂದಿನ ರಾತ್ರಿಯ ರೈಲಿನಲ್ಲೇ ಘಟ್ಟ ಹತ್ತಿಬಿಡಿ.