ದೇವರಾಯನದುರ್ಗದ ಜಿಯೋಕ್ಯಾಶ್: ನಡೆದು ಹತ್ತೋದಾ, ಗಾಡಿಯಲ್ಲಾ?

ತುಮಕೂರಿನ ದೇವರಾಯನದುರ್ಗದ ಮೇಲೆ, ಯೋಗ ನರಸಿಂಹ ಗುಡಿಯ ಆಸುಪಾಸಿನಲ್ಲಿ ಜಿಯೋಕ್ಯಾಶ್ (ಜಿಪಿಎಸ್ ಹಿಡಿದು ಹುಡುಕಲೆಂದು ಯಾರೋ ಬಚ್ಚಿಟ್ಟ ಡಬ್ಬಿ) ಹುಡುಕುತ್ತೀರಿ ಅಂದುಕೊಳ್ಳಿ. ಕೆಳಗಿನ ಭೋಗ ನರಸಿಂಹ ಗುಡಿಯಿಂದ ನಡೆದು ಹತ್ತಬಹುದು. ಇಲ್ಲವೇ ಗಾಡಿಯಲ್ಲಿ ಮೇಲಿನವರೆಗೆ ಹೋಗಿ, ಉಳಿದ ಮೆಟ್ಟಿಲಷ್ಟೇ ಹತ್ತಬಹುದು. ಮಕ್ಕಳು, ಹಿರಿಯರು ಜೊತೆಗಿದ್ದರೆ ಗಾಡಿಯೇ ಸರಿ. ನನಗಂತೂ ಬೆಳಗಿನ ಹೊತ್ತು ನಡೆಯೋದೇ ಇಷ್ಟ.

ಮೂರನೆಯದು, ಜಿಪಿಎಸ್ ಬಾಣ ತೋರಿಸಿದತ್ತ ನೇರ ನುಗ್ಗೋದು. ಇದು ಬೇಡವೇ ಬೇಡ. ಬಾಣಕ್ಕೆ ನೇರ ದೂರ ಮಾತ್ರ ಗೊತ್ತು, ನಡುವಿನ ಬಂಡೆ ಗೊತ್ತಿಲ್ಲ. 80 ಮೀಟರ್ ಅಂತ ಲಂಟಾನ ಪೊದೆಗೆ ಇಳಿದು ನಾನು ತೋಳೆಲ್ಲ ಗೀರಿಸಿಕೊಂಡಿದ್ದೇನೆ. ಕಾಲುದಾರಿ ಸುತ್ತಾದರೂ ಬೇಗ ಮುಟ್ಟಿಸುತ್ತದೆ. ಹೊರಡುವ ಮುಂಚೆ ಆ ಜಿಯೋಕ್ಯಾಶ್‌ಗೆ ಕೊಟ್ಟ ಟೆರೇನ್ ಅಂಕ, ಅಂದರೆ ದಾರಿ ಎಷ್ಟು ಕಷ್ಟ ಅನ್ನೋ ಅಂಕ ನೋಡಿ. 1 ಸಲೀಸು, 5 ಬಲು ಕಷ್ಟ. ತಿಂಡಿ ಬ್ಯಾಗಿನೊಳಗೇ ಇರಲಿ, ಕೋತಿಗಳು ಜಾಸ್ತಿ.